ವಿಸ್ಕಿಗೆ ನೀರೆಷ್ಟು? ಸುಂಟಿಕೊಪ್ಪದಿಂದ ಒಂದು ಅಳತೆ

ಹೋದ ವರ್ಷ ನಮ್ಮ ಕೊಡಗಿನ ಕೈಲ್ ಪೊಳ್ದ್ ಹಬ್ಬಕ್ಕೆ ನನ್ನ ಅಣ್ಣನ ಮಗ ಬೆಂಗಳೂರಿನಿಂದ ಬಂದ. ಕೈಯಲ್ಲಿ ಒಂದು ಚೆಂದದ ಡಬ್ಬ, ಅದರೊಳಗೆ ಸಿಂಗಲ್ ಮಾಲ್ಟ್ ವಿಸ್ಕಿ. ನಾನು ನೀರಿನ ಜಗ್ ತಂದಿಟ್ಟದ್ದೇ ತಡ, ಅವನ ಮುಖ ಸಣ್ಣದಾಯಿತು. "ಮಾವಿ, ಇದಕ್ಕೆಲ್ಲ ನೀರು ಹಾಕ್ತಾರಾ? ನೀಟ್ ಕುಡೀಬೇಕು" ಅಂದ. ಕುಡಿದ. ಕೆಮ್ಮಿದ. ಕಣ್ಣಲ್ಲಿ ನೀರು ಬಂತು. "ಬೇಡ ಅಂದ ನೀರು ಕಣ್ಣಿಂದಲೇ ಬಂತಲ್ಲ ಮಗಾ" ಅಂತ ನಮ್ಮನೆಯವರು ನಕ್ಕರು.

ಬಾಟಲಿ ತಿರುಗಿಸಿ ನೋಡಿದೆ. ಆಲ್ಕೋಹಾಲ್ ಶೇ 50. ನಮ್ಮ ಅಂಗಡಿಗಳಲ್ಲಿ ಸಿಗುವ ಮಾಮೂಲಿ ಬಾಟಲಿಗಳಲ್ಲಿ ಇರುವುದು ಶೇ 42.8. ಹುಡುಗನ ತಪ್ಪಲ್ಲ. ಯಾರೋ ಅವನಿಗೆ ನೀಟ್ ಕುಡಿಯುವುದೇ ಗಂಡಸುತನ, ನೀರು ಹಾಕುವುದು ದಡ್ಡತನ ಅಂತ ಹೇಳಿಕೊಟ್ಟಿದ್ದಾರೆ. ಅವತ್ತು ರಾತ್ರಿ ಅವನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು. ಇಲ್ಲದಿದ್ದರೆ ಈ ಹೆಂಗಸಿಗೆ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ, ಅಂದರೆ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆಯಲ್ಲಿ, 27 ವರ್ಷ ಕಾಫಿ ರುಚಿ ನೋಡುವ ಕೆಲಸ ಮಾಡಿದೆ. 150 ಎಂಎಲ್ ನೀರಿಗೆ 8.25 ಗ್ರಾಂ ಪುಡಿ, 4 ನಿಮಿಷ ಬಿಡುವುದು, ಮೇಲೆ ಕಟ್ಟಿದ ಕೆನೆಯನ್ನು ಚಮಚದಲ್ಲಿ ಒಡೆದು ಮೂಗು ಹಾಕುವುದು, ಆಮೇಲೆ ಸೊರ್ ಅಂತ ಹೀರಿ, ಬಾಯಲ್ಲಿ ಆಡಿಸಿ, ಉಗಿದು, ಬರೆದಿಡುವುದು. ಸುಗ್ಗಿಯಲ್ಲಿ ದಿನಕ್ಕೆ 40-50 ಕಪ್. ಒಂದು ಮೂಟೆಯಲ್ಲಿ ನಾಲ್ಕು ಕೊಳೆತ ಬೀಜ ಇದ್ದರೂ ಮೂಗಿಗೆ ಗೊತ್ತಾಗುತ್ತಿತ್ತು. ವಿಸ್ಕಿಯ ಬಗ್ಗೆ ನಾನು ಯಾವ ಪರೀಕ್ಷೆಯನ್ನೂ ಪಾಸು ಮಾಡಿಲ್ಲ. ವಾರಕ್ಕೆ ಎರಡು ಸಂಜೆ, 30 ಎಂಎಲ್‌ನ ಒಂದು ಸ್ಮಾಲ್, ಅಪರೂಪಕ್ಕೆ ಎರಡು. ನಮ್ಮನೆಯವರು ಮಾಜಿ ಹವಾಲ್ದಾರ್, ಅವರಿಗೆ ಕ್ಯಾಂಟೀನಿನ ರಮ್ ಬಿಟ್ಟರೆ ಬೇರೆ ಲೋಕವಿಲ್ಲ. ಹಾಗಾಗಿ ಮನೆಯಲ್ಲಿ ವಿಸ್ಕಿ ನನ್ನದೊಬ್ಬಳದೇ.

ಕುಡಿಯದವರು ಇದನ್ನು ಓದಿ ಶುರು ಮಾಡಬೇಕಾಗಿಲ್ಲ. ಶುಗರ್, ಬಿಪಿ, ನಿದ್ದೆ ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಉಳಿದವರು ಬನ್ನಿ.

ಮೊದಲು ನೀರು, ಆಮೇಲೆ ವಿಸ್ಕಿ

ಕಾಫಿಯಲ್ಲಿ ನಾವು ಮೊದಲು ಪರೀಕ್ಷೆ ಮಾಡುತ್ತಿದ್ದದ್ದು ನೀರನ್ನು. ಕಪ್ಪಿನಲ್ಲಿ ಇರುವುದು ಬಹುಪಾಲು ನೀರೇ ತಾನೇ. ವಿಸ್ಕಿಗೂ ಅಷ್ಟೇ. ಸಾವಿರಾರು ರೂಪಾಯಿ ಕೊಟ್ಟು ಬಾಟಲಿ ತಂದು, ಅದಕ್ಕೆ ಬ್ಲೀಚಿಂಗ್ ವಾಸನೆಯ ನಲ್ಲಿ ನೀರು ಸುರಿಯುವವರನ್ನು ನೋಡಿದ್ದೇನೆ.

ನಮ್ಮಲ್ಲಿ ಬಾವಿ ನೀರು ಮೆದು. ಬೇಳೆ ಬೇಗ ಬೇಯುತ್ತದೆ, ಸೋಪು ನೊರೆ ಬರುತ್ತದೆ. ಅಂಥ ನೀರು ಇದ್ದರೆ ಕುದಿಸಿ, ಆರಿಸಿ, ಸೋಸಿಡಿ, ಸಾಕು. ಒಲೆಯ ಹಂಡೆಯ ನೀರು ಮಾತ್ರ ಬೇಡ, ಅದರಲ್ಲಿ ಹೊಗೆ ಇರುತ್ತದೆ. ಒಂದು ಸಲ ನಾನೇ ಮೋಸ ಹೋದೆ. ಒಂದು ಸಾದಾ ಬಾಟಲಿಯಲ್ಲಿ ಸ್ಕಾಟ್ಲೆಂಡಿನ ಕೆಲವು ವಿಸ್ಕಿಗಳಲ್ಲಿರುವ ಹೊಗೆಯ ವಾಸನೆ ಸಿಕ್ಕಿತು ಅಂತ ಹಿಗ್ಗಿದೆ. ನೋಡಿದರೆ ಅದು ನಮ್ಮ ಸಿಲ್ವರ್ ಓಕ್ ಸೌದೆಯ ಹೊಗೆ. ಪೇಟೆಯ ನಲ್ಲಿ ನೀರಾದರೆ ಕುದಿಸಿ ಅಗಲ ಪಾತ್ರೆಯಲ್ಲಿ ತೆರೆದಿಟ್ಟರೆ ಬ್ಲೀಚಿಂಗ್ ವಾಸನೆ ಹೋಗುತ್ತದೆ. ಗಡುಸು ಬೋರ್‌ವೆಲ್ ನೀರಿನ ಊರಿನವರು ಒಂದು ಬಾಟಲಿ ಕುಡಿಯುವ ನೀರು ಕೊಂಡುಕೊಳ್ಳಿ. ನೀರನ್ನು ಬರೀ ಬಾಯಲ್ಲಿ ಕುಡಿದು ನೋಡಿ. ಏನೂ ರುಚಿ ಹತ್ತದಿದ್ದರೆ ಅದೇ ಸರಿಯಾದ ನೀರು. ಅದು ಫ್ರಿಜ್ಜಿನದ್ದಾಗಿರಬಾರದು, ವಿಸ್ಕಿ ಎಷ್ಟು ತಣ್ಣಗಿದೆಯೋ ನೀರೂ ಅಷ್ಟೇ ಇರಲಿ.

ನೀರು ಹಾಕಿದರೆ ವಿಸ್ಕಿ ಸಪ್ಪೆಯಾಗುವುದಿಲ್ಲವೇ ಅಂತ ಅಣ್ಣನ ಮಗ ಕೇಳಿದ. ಜಾಸ್ತಿಯಾದರೆ ಆಗುತ್ತದೆ. ಆದರೆ ಸ್ವಲ್ಪ ಹಾಕಿದರೆ ಪರಿಮಳ ಏಳುತ್ತದೆ. ಇದು ಬರೀ ನನ್ನ ಮೂಗಿನ ಮಾತಲ್ಲ. 2017ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ ಎಂಬ ಇಬ್ಬರು ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಅವರು ನೋಡಿದ್ದು ಗ್ವಾಯಕಾಲ್ ಅನ್ನುವ ವಸ್ತುವನ್ನು. ಹೊಗೆಯ ವಾಸನೆ ಕೊಡುವುದು ಅದು. ಹುರಿದ ಕಾಫಿಯಲ್ಲೂ ಇದೆ, ಹಾಗಾಗಿ ನನಗೆ ಹಳೆಯ ಪರಿಚಯ. ಆಲ್ಕೋಹಾಲ್ ಶೇ 59ಕ್ಕಿಂತ ಜಾಸ್ತಿ ಇದ್ದಾಗ ಗ್ವಾಯಕಾಲ್ ಸುತ್ತ ಆಲ್ಕೋಹಾಲ್ ಮುತ್ತಿಕೊಂಡು ಅದನ್ನು ಒಳಗೇ ಹಿಡಿದಿಡುತ್ತದೆ. ನೀರು ಬೆರೆತು ಶೇ 45ರ ಹತ್ತಿರ ಬಂದರೆ ಅದು ಮೇಲ್ಮೈಗೆ ಬಂದು ಕೂರುತ್ತದೆ. ಮೇಲೆ ಬಂದದ್ದು ತಾನೇ ಮೂಗಿಗೆ ಸಿಗುವುದು. ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಬೆರೆಸುವುದೇ ಕೆಲಸವಾದವರೂ ನೀಟ್ ಮೂಸುತ್ತಾ ಕೂರುವುದಿಲ್ಲ. ಶೇ 20ರ ಹತ್ತಿರಕ್ಕೆ ನೀರು ಬೆರೆಸಿ ಮೂಸುತ್ತಾರೆ. ಅವರಿಗೇ ಇಲ್ಲದ ಅವಮಾನ ನಮಗೇನು?

ಗ್ಲಾಸಿನ ವಿಷಯ ಬೇಗ ಮುಗಿಸುತ್ತೇನೆ. ಹೊಟ್ಟೆ ಅಗಲ, ಬಾಯಿ ಕಿರಿದು ಇರಬೇಕು, ಪರಿಮಳ ಒಳಗೆ ನಿಲ್ಲುತ್ತದೆ. ಗ್ಲೆನ್‌ಕೇರ್ನ್ ಅಂತ ಇದಕ್ಕೆಂದೇ ಮಾಡಿದ ಗ್ಲಾಸು 2001ರಿಂದ ಸಿಗುತ್ತಿದೆ. ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸು ಸಾಕು. ಬಾರಿನಲ್ಲಿ ಕೊಡುವ ಅಗಲ ಬಾಯಿಯ ಗ್ಲಾಸು ಸೋಡಾಕ್ಕೆ ಸರಿ, ಮೂಸುವುದಕ್ಕೆ ಅಲ್ಲ. ಅದಕ್ಕಿಂತ ಮುಖ್ಯ, ಗ್ಲಾಸನ್ನು ಮೊದಲು ಖಾಲಿ ಮೂಸಿ. ಜುಲೈ ತಿಂಗಳಲ್ಲಿ ನಮ್ಮ ಕಪಾಟಿನ ಗ್ಲಾಸುಗಳಿಗೆಲ್ಲ ಮುಗ್ಗಲು ವಾಸನೆ. ಅರ್ಧ ಮನೆಗಳಲ್ಲಿ ಅದರ ಜೊತೆಗೆ ನುಸಿ ಗುಳಿಗೆಯ ವಾಸನೆ. ಬಿಸಿನೀರಲ್ಲಿ ಅಲ್ಲಾಡಿಸಿ, ಬೋರಲು ಹಾಕಿ ಒಣಗಿಸಿ. ಪಾತ್ರೆ ತೊಳೆಯುವ ನಿಂಬೆ ಸೋಪು ಹಾಕಿದರೆ ವಿಸ್ಕಿಯಲ್ಲೂ ನಿಂಬೆಯೇ ಸಿಗುವುದು.

ಇನ್ನು ಮೂಗು. ಕಾಫಿ ಕಪ್ಪಿನಲ್ಲಿ ಮೂಗು ಅದ್ದುವಷ್ಟು ಬಗ್ಗಿ ನನಗೆ ಅಭ್ಯಾಸ. ಮೊದಲ ಸಲ ವಿಸ್ಕಿಗೂ ಹಾಗೇ ಮಾಡಿ, ಅರ್ಧ ಗಂಟೆ ಯಾವ ವಾಸನೆಯೂ ತಿಳಿಯದೆ ಕೂತಿದ್ದೆ. ಕಾಫಿಯಿಂದ ಏಳುವುದು ನೀರಿನ ಹಬೆ. ವಿಸ್ಕಿಯಿಂದ ಏಳುವುದು ಆಲ್ಕೋಹಾಲ್, ಅದು ಮೂಗನ್ನು ಮರಗಟ್ಟಿಸುತ್ತದೆ. ಗ್ಲಾಸನ್ನು ಗದ್ದದ ಹತ್ತಿರ ಹಿಡಿಯಿರಿ. ಬಾಯಿ ಸ್ವಲ್ಪ ತೆರೆದಿರಲಿ. ಮೆಲ್ಲಗೆ ಮೇಲೆ ತನ್ನಿ. ಚುರುಕ್ ಅಂದ ಕಡೆ ನಿಲ್ಲಿಸಿ, ಒಂದು ಬೆರಳು ಹಿಂದಕ್ಕೆ ತನ್ನಿ. ಅಲ್ಲೇ ಮೂಸಿ. ನಡುನಡುವೆ ನಿಮ್ಮ ಮೊಣಕೈಯನ್ನು ಮೂಸಿದರೆ ಮೂಗು ತಿರುಗಿ ಸರಿಯಾಗುತ್ತದೆ. ನೋಡಿದವರು ನಗುತ್ತಾರೆ, ನಗಲಿ. ಸೊರ್ ಅಂತ ಹೀರುವುದನ್ನೂ ಬಿಡಿ. ನಾನು ಹೀರಿ, ಅದು ಗಂಟಲ ಬದಲು ಶ್ವಾಸಕ್ಕೆ ಹೋಗಿ, ನಮ್ಮನೆಯವರು ಬೆನ್ನಿಗೆ ಗುದ್ದಿದ್ದು ಇನ್ನೂ ನೆನಪಿದೆ. ಕಾಲು ಚಮಚದಷ್ಟು ಬಾಯಿಗೆ ತಗೊಂಡು, ನಾಲಿಗೆಯ ಮೇಲೆ ಹರಡಿ, ಐದಾರು ಎಣಿಸುವಷ್ಟು ಹೊತ್ತು ಇಟ್ಟು ನುಂಗಿ. ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ. ಅರ್ಧ ರುಚಿ ಸಿಗುವುದು ಅಲ್ಲೇ.

ನಾಲ್ಕು ಗ್ಲಾಸಿನ ಲೆಕ್ಕ

ಇದೇ ನನ್ನ ಮುಖ್ಯ ವಿಷಯ. ಬೇರೇನು ಮರೆತರೂ ಇದೊಂದನ್ನು ಮಾಡಿ ನೋಡಿ.

ಒಬ್ಬರು ಜೊತೆಗಾರರು ಬೇಕು. ಒಂದೇ ವಿಸ್ಕಿ, ಒಂದೇ ತರಹದ ನಾಲ್ಕು ಗ್ಲಾಸು. ಒಂದೊಂದಕ್ಕೂ 15 ಎಂಎಲ್. ಒಟ್ಟು 60, ಇಬ್ಬರಿಗೆ ಹಂಚಿದರೆ ತಲೆಗೆ ಒಂದು ಸ್ಮಾಲ್ ಆಯಿತು. ಕಣ್ಣಳತೆ ಬೇಡ. ಮಕ್ಕಳ ಜ್ವರದ ಸಿರಪ್ಪಿನ ಜೊತೆ ಪ್ಲಾಸ್ಟಿಕ್ ಮುಚ್ಚಳ ಬರುತ್ತದಲ್ಲ, 2.5, 5, 10 ಅಂತ ಗೆರೆ ಇರುವುದು, ಅದು ಎಲ್ಲ ಮನೆಯಲ್ಲೂ ಒಂದು ಬಿದ್ದಿರುತ್ತದೆ. ಚೆನ್ನಾಗಿ ತೊಳೆದು ಅದರಲ್ಲೇ ಅಳೆಯಿರಿ.

ಮೊದಲನೆಯದಕ್ಕೆ ನೀರು ಬೇಡ. ಎರಡನೆಯದಕ್ಕೆ 2.5 ಎಂಎಲ್, ಅಂದರೆ ಅರ್ಧ ಟೀ ಚಮಚ. ಮೂರನೆಯದಕ್ಕೆ 7.5. ನಾಲ್ಕನೆಯದಕ್ಕೆ 15, ವಿಸ್ಕಿ ಎಷ್ಟೋ ನೀರೂ ಅಷ್ಟೇ. ಶೇ 42.8ರ ಬಾಟಲಿಯಾದರೆ ಎರಡನೆಯದು ಶೇ 36.7ಕ್ಕೆ ಇಳಿಯುತ್ತದೆ, ಮೂರನೆಯದು 28.5ಕ್ಕೆ, ನಾಲ್ಕನೆಯದು 21.4ಕ್ಕೆ. ನೀರು ಹಾಕಿ ಎರಡು ನಿಮಿಷ ಬಿಡಿ. ಹಾಕಿದ ತಕ್ಷಣ ಕುಡಿದರೆ ನೀರು ಬೇರೆ, ವಿಸ್ಕಿ ಬೇರೆ ಅನ್ನಿಸುತ್ತದೆ.

ಕುಡಿಯುವುದನ್ನು ನಾಲ್ಕನೆಯದರಿಂದ ಶುರು ಮಾಡಿ. ಮೊದಲನೆಯದರಿಂದ ಅಲ್ಲ. ಖಾರ ಇರುವುದನ್ನು ಮೊದಲು ಬಾಯಿಗಿಟ್ಟರೆ ಆಮೇಲಿನದ್ದೆಲ್ಲ ಸಪ್ಪೆ ಅಲ್ವಾ. ಪ್ರತಿ ಗುಟುಕಿನ ನಡುವೆ ಒಂದು ಬಾಯಿ ನೀರು. ಒಬ್ಬರಿಗೊಬ್ಬರು ಮಾತಾಡಬೇಡಿ, ಕಾಫಿ ರೂಮಿನಲ್ಲೂ ಇದೇ ನಿಯಮ. ಯಾರಾದರೂ "ಬಾಳೆಹಣ್ಣು" ಅಂದರೆ ಮುಗಿಯಿತು, ಎಲ್ಲರಿಗೂ ಬಾಳೆಹಣ್ಣೇ ಕಾಣುವುದು. ಮೊದಲು ಬರೆಯಿರಿ, ಆಮೇಲೆ ಮಾತು.

ಏನು ಬರೆಯಬೇಕು? ಪುಸ್ತಕದ ಪದ ಬೇಡ. ಬಾಟಲಿಯ ಹಿಂದೆ ಒಣದ್ರಾಕ್ಷಿ ಕೇಕ್, ಹೀದರ್ ಹೂವು ಅಂತ ಬರೆದಿರುತ್ತಾರೆ. ಹೀದರ್ ಹೂವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಇರುವುದು ಇವು: ಬೆಲ್ಲದ ಪಾಕ ಕೊನೆಗೆ ಬರುವಾಗಿನ ವಾಸನೆ, ಅಂಗಳದಲ್ಲಿ ಒಣಗುವ ಕಾಫಿ ಚೆರ್ರಿ, ಹಣ್ಣಾಗಿ ಒಂದು ದಿನ ಜಾಸ್ತಿಯಾದ ಹಲಸು, ಕಿತ್ತಳೆ ಸಿಪ್ಪೆ, ಏಲಕ್ಕಿ ಒಣಗಿಸುವ ಗೂಡಿನ ಬೆಚ್ಚನೆ ಗಾಳಿ, ಹೊಸ ಬೀಟೆ ಮರದ ಬಾಗಿಲು, ಹಳೆಯ ರೇನ್‌ಕೋಟ್. ನೀವು ಮೂಸಿ ಬೆಳೆದದ್ದನ್ನೇ ಬರೆಯಿರಿ. ಹೊಳೆಯದಿದ್ದರೆ "ಹಿಡಿಸಿತು", "ಉರಿಯಿತು", "ಸಪ್ಪೆ" ಅಷ್ಟೇ ಬರೆಯಿರಿ. ಅದೂ ಲೆಕ್ಕವೇ.

ಅಣ್ಣನ ಮಗನಿಗೆ ಅವತ್ತು ಹಿಡಿಸಿದ್ದು ಮೂರನೆಯದು. ನೀಟ್ ಗ್ಲಾಸನ್ನು ಅವನೇ ಮೆಲ್ಲಗೆ ಪಕ್ಕಕ್ಕೆ ಸರಿಸಿದ. ನಾನು ನೋಡದ ಹಾಗೆ ಇದ್ದೆ.

ಒಂದು ಮಾತು ನೆನಪಿರಲಿ. ಈ ಅಳತೆ ಆ ಬಾಟಲಿಗೆ ಮಾತ್ರ. ಶೇ 50ರ ಬಾಟಲಿಯಾದರೆ 30 ಎಂಎಲ್‌ಗೆ ಒಂದು ಚಮಚ, ಅಂದರೆ 5 ಎಂಎಲ್ ನೀರು ಹಾಕಿದಾಗ ಅದು ಶೇ 42.8ರ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅಂದರೆ ಬೇರೆ ಬಾಟಲಿಗಳ ನೀಟ್ ಅನ್ನುವ ಜಾಗ. ಅಲ್ಲಿಂದ ಮುಂದೆ ನಿಮ್ಮ ಅಳತೆ ಶುರು.

ಚಿಕೋರಿ ಕಾಫಿ, ಬರೀ ಕಾಫಿ

ಯಾವ ವಿಸ್ಕಿ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ನಾನು ತಿರುಗಿ ಕೇಳುವುದು, ನಿಮಗೆ ಚಿಕೋರಿ ಹಾಕಿದ ಕಾಫಿ ಇಷ್ಟವೋ ಬರೀ ಕಾಫಿಯೋ ಅಂತ.

ನಮ್ಮ ದೇಶದ ಕಡಿಮೆ ಬೆಲೆಯ ವಿಸ್ಕಿಗಳಲ್ಲಿ ಬಹಳಷ್ಟಕ್ಕೆ ತಳಪಾಯ ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್. ಅದಕ್ಕೆ ಸ್ವಲ್ಪ ಮಾಲ್ಟ್, ಅಂದರೆ ಮೊಳಕೆ ಬಾರ್ಲಿಯ ವಿಸ್ಕಿ, ಬೆರೆಸುತ್ತಾರೆ. ಸ್ಕಾಟ್ಲೆಂಡಿನವರು ಇದನ್ನು ವಿಸ್ಕಿ ಅಂತ ಒಪ್ಪುವುದಿಲ್ಲ. ಅವರಲ್ಲಿ ಧಾನ್ಯದಿಂದಲೇ ಆಗಬೇಕು, ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು, ಶೇ 40ಕ್ಕಿಂತ ಕಡಿಮೆ ಇರಬಾರದು. ನಾನು ಜಗಳಕ್ಕೆ ಹೋಗುವುದಿಲ್ಲ. ಚಿಕೋರಿ ಕಾಫಿ ಕೆಟ್ಟದ್ದೇನಲ್ಲ, ಅದೇ ಬೇರೆ. ಅದಕ್ಕೆ ಹಾಲು ಬೇಕು, ಸಕ್ಕರೆ ಬೇಕು. ಹಾಗೆಯೇ ಈ ವಿಸ್ಕಿಗೆ ಸೋಡಾ ಬೇಕು, ನೀರು ಬೇಕು, ಪಕ್ಕದಲ್ಲಿ ಕಡಲೆಬೀಜ ಬೇಕು. ಅದನ್ನು ಗ್ಲೆನ್‌ಕೇರ್ನಿಗೆ ಹಾಕಿ ಮೂಸುತ್ತಾ ಕೂತರೆ ಅದಕ್ಕೂ ಅವಮಾನ, ನಿಮಗೂ ತಲೆನೋವು.

ಸಿಂಗಲ್ ಮಾಲ್ಟ್ ಅಂದರೆ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ ಮಾಡಿದ್ದು. ಒಂದೇ ತೋಟದ ಕಾಫಿ ಇದ್ದ ಹಾಗೆ ಅಂದುಕೊಳ್ಳಿ. ಬ್ಲೆಂಡೆಡ್ ಸ್ಕಾಚ್‌ನಲ್ಲಿ ಹಲವು ಡಿಸ್ಟಿಲರಿಗಳ ಮಾಲ್ಟ್ ಜೊತೆ ಬೇರೆ ಧಾನ್ಯದ ವಿಸ್ಕಿಯೂ ಸೇರುತ್ತದೆ. ಅದು ಕೀಳಲ್ಲ. ಬೇರೆ ಬೇರೆ ವರ್ಷದ ಮಾಲಿನಿಂದ ಒಂದೇ ರುಚಿ ತರುವುದು ಎಷ್ಟು ಕಷ್ಟ ಅಂತ ಕಾಫಿ ಬೆರೆಸಿದವರನ್ನು ಕೇಳಿ. ಅಮೆರಿಕದ ಬರ್ಬನ್ ವಿಸ್ಕಿಯಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳ, ಒಳಗಡೆ ಸುಟ್ಟ ಹೊಸ ಓಕ್ ಪೀಪಾಯಿ. ಅದಕ್ಕೇ ಅಷ್ಟು ವೆನಿಲ್ಲಾ, ಅಷ್ಟು ಸಿಹಿ. ಸಿಹಿ ನಾಲಿಗೆಯವರು ಅಲ್ಲಿಂದ ಶುರು ಮಾಡಬಹುದು.

ನಮ್ಮ ರಾಜ್ಯದ್ದೇ ಒಂದಿದೆ. ಅಮೃತ್ ಕಂಪನಿ 1948ರಿಂದ ಬೆಂಗಳೂರಿನಲ್ಲಿದೆ. ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಮಾರಾಟಕ್ಕೆ ಬಿಟ್ಟದ್ದು ಇಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಕೊಲ್ಲನ ಬೀದಿಯಲ್ಲೇ ಸೂಜಿ ಮಾರಿ ಬಂದ ಹಾಗೆ! ಅವರ ಫ್ಯೂಷನ್ ನನಗೆ ಇಷ್ಟ. ಭಾರತದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಹೊಗೆ ಹಾಕಿದ ಬಾರ್ಲಿ ಸೇರಿದೆ, ಶೇ 50. ಅದಕ್ಕೆ ನನ್ನ ಅಳತೆ 30 ಎಂಎಲ್‌ಗೆ ಎರಡು ಚಮಚ ನೀರು.

"ಈ ಬಾಟಲಿ ಮೇಲೆ 12 ವರ್ಷದ್ದು ಅಂತ ಯಾಕೆ ಬರೆದಿಲ್ಲ, ಹಾಗಾದರೆ ಕಡಿಮೆಯದ್ದೇ?" ಅಂತ ನಮ್ಮ ಬಾವ ಒಬ್ಬರು ಕೇಳಿದರು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾಗಿ ಹೋಗುತ್ತದೆ. ಬೆಂಗಳೂರಿನ ಬಿಸಿಗೆ ಶೇ 10ಕ್ಕೂ ಹೆಚ್ಚು. 12 ವರ್ಷ ಇಟ್ಟರೆ ಪೀಪಾಯಿಯ ತಳದಲ್ಲಿ ಎಷ್ಟು ಉಳಿದೀತು ನೀವೇ ಲೆಕ್ಕ ಹಾಕಿ. ಬಿಸಿಯಲ್ಲಿ ಮರದ ರುಚಿ ಬೇಗ ಇಳಿಯುತ್ತದೆ, ನಾಲ್ಕೈದು ವರ್ಷ ಸಾಕು. ಕಾಫಿಗೂ ಹೀಗೆ ಒಂದು ಕಥೆ ಇದೆ. ಹಿಂದೆ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಸಮುದ್ರದ ತೇವ ಕುಡಿದು ಯುರೋಪಿಗೆ ಹೋಗುತ್ತಿದ್ದ ಬೀಜ ಹಳದಿಯಾಗಿ ಉಬ್ಬಿ ಬೇರೆಯದೇ ರುಚಿ ಬರುತ್ತಿತ್ತು. ಹಡಗು ಬೇಗ ಮುಟ್ಟುವ ಕಾಲ ಬಂದಾಗ ಆ ರುಚಿ ಹೋಯಿತು. ಆಮೇಲೆ ಕರಾವಳಿಯ ಗೋದಾಮುಗಳಲ್ಲಿ ಬೇಕೆಂದೇ ಮಳೆಗಾಳಿಗೆ ಬೀಜ ಹರವಿ ಅದನ್ನು ಮಾಡತೊಡಗಿದರು. ಅದೇ ಮಾನ್ಸೂನ್ಡ್ ಮಲಬಾರ್. ಬಾವನಿಗೆ ಇಷ್ಟು ಹೇಳುವಷ್ಟರಲ್ಲಿ ಅವರು ಎರಡನೇ ಲಾರ್ಜ್ ಮುಗಿಸಿದ್ದರು.

ಇನ್ನು ಹೊಗೆಯ ವಿಸ್ಕಿ. ಸ್ಕಾಟ್ಲೆಂಡಿನ ಐಲಾ ದ್ವೀಪದವು, ಲಫ್ರೋಯ್ಗ್, ಆರ್ಡ್‌ಬೆಗ್, ಲಗವೂಲಿನ್. ಅಲ್ಲಿ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೂತ ಗಿಡಗಂಟೆಯ ಕಪ್ಪು ಮಣ್ಣನ್ನು ಕಡಿದು, ಒಣಗಿಸಿ, ಉರಿಸಿ, ಆ ಹೊಗೆಯಲ್ಲಿ ಬಾರ್ಲಿ ಒಣಗಿಸುತ್ತಾರೆ. ಬೆಂಗಳೂರಿನ ನನ್ನ ಗೆಳತಿಯರಿಗೆ ಇದು ಆಸ್ಪತ್ರೆಯ ವಾಸನೆ. ನನಗೆ ಹಾಗಲ್ಲ. ಅಜ್ಜಿಯ ಮನೆಯಲ್ಲಿ ಒಲೆಯ ಮೇಲೆ ಹಂದಿ ಮಾಂಸದ ತುಂಡುಗಳನ್ನು ಕಟ್ಟಿ ವಾರಗಟ್ಟಲೆ ಹೊಗೆಗೆ ಒಣಗಿಸುತ್ತಿದ್ದರು. ಮೊದಲ ಸಲ ಲಫ್ರೋಯ್ಗ್ ಮೂಸಿದಾಗ ನೇರ ಆ ಅಡುಗೆಮನೆಗೆ ಹೋಗಿ ನಿಂತೆ. ಕೊಡಗಿನವರು ಇದನ್ನು ಒಮ್ಮೆಯಾದರೂ ನೋಡಬೇಕು. ಇಡೀ ಬಾಟಲಿ ಕೊಳ್ಳಬೇಡಿ, ನಾಲ್ಕು ಜನ ಸೇರಿ ತನ್ನಿ. ಹಿಡಿಸದವರು ತಮ್ಮ ಪಾಲು ಬಿಟ್ಟು ಹೋಗುತ್ತಾರೆ, ಅದು ಲಾಭವೇ.

ಬಾಟಲಿಯನ್ನು ನಿಲ್ಲಿಸಿ ಇಡಿ, ವೈನ್ ತರಹ ಮಲಗಿಸಬೇಡಿ. ಆಲ್ಕೋಹಾಲ್ ಬಿರಡೆಯನ್ನು ತಿನ್ನುತ್ತದೆ. ನನ್ನ ಒಂದು ಬಾಟಲಿಯ ಬಿರಡೆ ಪುಡಿಯಾಗಿ ಒಳಗೆ ಬಿದ್ದು, ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಬೇಕಾಯಿತು. ಎರಡು ದಿನ ವಿಸ್ಕಿಯಲ್ಲಿ ಕಾಫಿ, ಕಾಫಿಯಲ್ಲಿ ವಿಸ್ಕಿ.

ಐಸು, ಸೋಡಾ, ಬಿಸಿನೀರು

ರೂಮ್ ಟೆಂಪರೇಚರಿನಲ್ಲಿ ಕುಡಿಯಿರಿ ಅನ್ನುತ್ತಾರೆ. ಯಾರ ರೂಮು? ಜುಲೈಯಲ್ಲಿ ನಮ್ಮ ಮನೆಯೊಳಗೆ 20 ಡಿಗ್ರಿ ಆಸುಪಾಸು. ಸ್ಕಾಟ್ಲೆಂಡಿನವರ ಮನೆಯೂ ಹೆಚ್ಚುಕಮ್ಮಿ ಹಾಗೇ. ಇಲ್ಲಿ ಐಸು ಬೇಕಿಲ್ಲ. ಅದೇ ಬಾಟಲಿಯನ್ನು ಏಪ್ರಿಲಿನಲ್ಲಿ ಮಂಗಳೂರಿಗೆ ಒಯ್ದು 32 ಡಿಗ್ರಿಯಲ್ಲಿ ತೆರೆದರೆ ಬರೀ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಅಲ್ಲಿ ಒಂದು ದೊಡ್ಡ ಗಡ್ಡೆ ಐಸು ಹಾಕುವುದು ತಪ್ಪಲ್ಲ, ಬುದ್ಧಿವಂತಿಕೆ. ದೊಡ್ಡದು ಮೆಲ್ಲಗೆ ಕರಗುತ್ತದೆ. ಪುಡಿ ಐಸು ಐದು ನಿಮಿಷದಲ್ಲಿ ನೀರಾಗಿ ನಿಮ್ಮ ಅಳತೆಯೆಲ್ಲ ಕೆಡಿಸುತ್ತದೆ. ಆದರೆ ತಣ್ಣಗಾದಷ್ಟೂ ಪರಿಮಳ ಮಲಗುತ್ತದೆ, ಇದು ಗೊತ್ತಿರಲಿ. ಹಿಡಿಸದ ವಿಸ್ಕಿಯನ್ನು ಮುಗಿಸಲು ಐಸೇ ಮದ್ದು.

ಐಸಿನ ವಾಸನೆಯನ್ನೂ ನೋಡಿ. ಒಂದು ಜುಲೈ ತಿಂಗಳು ನೆಂಟರಿಗೆ ಒಳ್ಳೆಯ ಸ್ಕಾಚ್ ಕೊಟ್ಟೆ. ಎಲ್ಲರೂ ಒಂದು ಗುಟುಕು ಕುಡಿದು ಸುಮ್ನೆ ಕೂತರು. ಕೊನೆಗೆ ನಮ್ಮ ಅಕ್ಕ, "ಇದರಲ್ಲಿ ಕಣಿಲೆ ಇದೆಯಾ?" ಅಂದಳು. ಫ್ರಿಜ್ಜಿನಲ್ಲಿ ನೆನೆ ಹಾಕಿದ ಎಳೆ ಬಿದಿರಿನ ಕಣಿಲೆ ಇತ್ತು, ಅದರ ವಾಸನೆಯನ್ನೆಲ್ಲ ಐಸು ಕುಡಿದಿತ್ತು. ಅಂದಿನಿಂದ ಐಸಿನ ಟ್ರೇಗೆ ಮುಚ್ಚಳ.

ಸೋಡಾ ಹಾಕುವವರು ಗ್ಲಾಸು, ವಿಸ್ಕಿ, ಸೋಡಾ ಮೂರನ್ನೂ ತಣ್ಣಗಿಟ್ಟು, ಒಂದು ಪಾಲಿಗೆ ಮೂರು ಪಾಲು ಸೋಡಾ ಬದಿಯಿಂದ ಮೆಲ್ಲಗೆ ಸುರಿಯಿರಿ. ಒಮ್ಮೆ ಮಾತ್ರ ಕಲಕಿ. ಮೇಲೆ ಕೊಡಗಿನ ಕಿತ್ತಳೆಯ ಸಿಪ್ಪೆಯನ್ನು ಹಿಂಡಿದರೆ ಎಣ್ಣೆ ಚಿಮ್ಮುತ್ತದೆ, ಬೇರೇನೂ ಬೇಡ. ಕೋಲಾ ಹಾಕುವವರಿಗೆ ನಾನು ಏನೂ ಹೇಳುವುದಿಲ್ಲ. ರಮ್ ತಗೊಳ್ಳಿ ಅಂತ ನಮ್ಮನೆಯವರು ಹೇಳುತ್ತಾರೆ.

ಮಳೆಗಾಲದ ಬಿಸಿನೀರು ಬೇರೆಯೇ ಸುಖ. 30 ಎಂಎಲ್ ಸಾದಾ ವಿಸ್ಕಿ, 90 ಎಂಎಲ್ ಬಿಸಿನೀರು, ಕುಟ್ಟಿದ ಕರಿಮೆಣಸು ನಾಲ್ಕು, ಜೇನು ಅರ್ಧ ಚಮಚ. ನೀರು ಕುದಿಯುತ್ತಿರಬಾರದು, ಕುದಿದು ಐದು ನಿಮಿಷ ಆರಿರಬೇಕು. ಇಲ್ಲದಿದ್ದರೆ ಮೊದಲ ಹಬೆಯಲ್ಲೇ ಪರಿಮಳವೆಲ್ಲ ಅಡುಗೆಮನೆಯ ಸೂರಿಗೆ ಹೋಗುತ್ತದೆ. ಒಳ್ಳೆಯ ಮಾಲ್ಟನ್ನು ಇದಕ್ಕೆ ಹಾಳು ಮಾಡಬೇಡಿ. ಶೀತಕ್ಕೆ ಇದು ಔಷಧಿ ಅನ್ನುವುದನ್ನು ನಾನು ನಂಬುವುದಿಲ್ಲ. ಮೈ ಬೆಚ್ಚಗಾದ ಹಾಗೆ ಅನ್ನಿಸುವುದು ಚರ್ಮದ ರಕ್ತನಾಳ ಅಗಲವಾಗುವುದರಿಂದ, ನಿಜಕ್ಕೂ ಒಳಗಿನ ಬಿಸಿ ಹೊರಗೆ ಹೋಗುತ್ತಿರುತ್ತದೆ. ಮಳೆಯಲ್ಲಿ ನೆನೆದು ಬಂದವರಿಗೆ ಮೊದಲು ಒಣ ಬಟ್ಟೆ ಕೊಡಿ.

ಸೈಡ್ಸ್ ವಿಷಯದಲ್ಲಿ ನನ್ನದು ಊರಿಗೆಲ್ಲ ವಿರುದ್ಧ. ನಮ್ಮ ಹಂದಿ ಮಾಂಸದ ಪಂದಿ ಕರಿ ಜೊತೆ ಒಳ್ಳೆಯ ಮಾಲ್ಟ್ ಕುಡಿಯಬೇಡಿ. ಕಾಚಂಪುಳಿಯ ಹುಳಿ, ಹುರಿದ ಮಸಾಲೆ, ಕರಿಮೆಣಸಿನ ಖಾರ ಬಾಯಲ್ಲಿ ಇರುವಾಗ ವಿಸ್ಕಿ ಬರೀ ಉರಿ. ಎರಡಕ್ಕೂ ನಷ್ಟ. ಮೊದಲು ವಿಸ್ಕಿ, ಹುರಿದ ಹಲಸಿನ ಬೀಜ ಅಥವಾ ಉಪ್ಪಿಲ್ಲದ ಕಡಲೆಬೀಜದ ಜೊತೆ. ಗ್ಲಾಸು ಒಳಗೆ ಹೋದ ಮೇಲೆ ಅಕ್ಕಿ ಉಂಡೆ ಕಡಂಬುಟ್ಟು, ಪಂದಿ ಕರಿ. ಊಟದ ಜೊತೆಗೇ ಬೇಕೆನ್ನುವವರಿಗೆ ಸೋಡಾ ಹಾಕಿದ ಸಾದಾ ವಿಸ್ಕಿ ಹೊಂದುತ್ತದೆ. ಮಡಿಕೇರಿಯ ಅಂಗಡಿಗಳಲ್ಲಿ ಸಿಗುವ ಕಹಿ ಚಾಕೊಲೇಟಿನ ಒಂದು ಚೂರು, ಶೆರಿ ವೈನಿನ ಪೀಪಾಯಿಯಲ್ಲಿ ಮಾಗಿದ ವಿಸ್ಕಿಗೆ ತುಂಬ ಚೆನ್ನ. ಗುರುಕಾರೋಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಮೀದಿ (ಎಡೆ) ಇಡುವಾಗ ಮಾತ್ರ ನಾನು ಅಳತೆ ಮುಚ್ಚಳ ತೆಗೆಯುವುದಿಲ್ಲ. ಅವರಿಗೆ ನೀರು ಬೇಕೋ ಬೇಡವೋ ಅಂತ ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಕುಡಿದವರು ಗಾಡಿ ಮುಟ್ಟುವ ಹಾಗಿಲ್ಲ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ನಮ್ಮ ಮಂಜಿನ ತಿರುವುಗಳಿಗೆ ಅದೂ ಜಾಸ್ತಿ. ಬಂದವರ ಕೀ ನಾನು ಅಕ್ಕಿ ಡಬ್ಬದಲ್ಲಿ ಹಾಕುತ್ತೇನೆ, ಬೆಳಿಗ್ಗೆ ನೂಪುಟ್ಟಿನ ಜೊತೆ ವಾಪಸ್.

ಕೊನೆಗೆ ಒಂದು ಒಪ್ಪಿಕೊಳ್ಳಬೇಕು. ಫ್ಯೂಷನ್‌ಗೆ ಎರಡು ಚಮಚ ಅಂದೆನಲ್ಲ. ಆರು ವರ್ಷದಿಂದ ಹೇಳುತ್ತಾ ಬಂದಿದ್ದೆ. ಈ ಜೂನ್‌ನಲ್ಲಿ ಅಣ್ಣನ ಮಗ ಮತ್ತೆ ಬಂದಿದ್ದ. ಜೋರು ಮಳೆ, ಸಂಜೆ ಏಳಕ್ಕೇ ಕರೆಂಟ್ ಹೋಯಿತು. "ಮಾವಿ, ಈಗ ಪರೀಕ್ಷೆ ಮಾಡೋಣ, ಬಣ್ಣ ಕಾಣುವುದಿಲ್ಲ" ಅಂದ. ಸರಿಯಾದ ಮಾತು. ನೀರು ಜಾಸ್ತಿಯಾದಷ್ಟೂ ಬಣ್ಣ ತಿಳಿಯಾಗುತ್ತದೆ, ಕಣ್ಣು ಮೊದಲೇ ನಾಲಿಗೆಗೆ ಹೇಳಿಬಿಡುತ್ತದೆ. ಅವನು ಒಳಗೆ ಹೋಗಿ ಟಾರ್ಚಿನಲ್ಲಿ ಅಳೆದು, ಗ್ಲಾಸಿನ ಅಡಿಗೆ ಚೀಟಿ ಅಂಟಿಸಿ, ಅದಲು ಬದಲು ಮಾಡಿ ತಂದಿಟ್ಟ. ಮೇಣದ ವಾಸನೆ ಬರುತ್ತದೆಂದು ಕ್ಯಾಂಡಲ್ ಕೂಡ ಹಚ್ಚಲಿಲ್ಲ. ಕತ್ತಲಲ್ಲಿ ಮೂಸಿದೆ, ಕುಡಿದೆ, ಒಂದನ್ನು ಆರಿಸಿ ಇದೇ ನನ್ನದು ಅಂತ ಮುಂದಕ್ಕೆ ತಳ್ಳಿದೆ.

ಟಾರ್ಚ್ ಹಾಕಿ ಗ್ಲಾಸು ಎತ್ತಿ ಓದಿದ. ಒಂದೇ ಚಮಚದ ಲೆಕ್ಕದ್ದು.

ಇನ್ನೊಮ್ಮೆ ಮಾಡು ಅಂದೆ. ಅದಲು ಬದಲು ಮಾಡಿ ತಂದ. ಮತ್ತೆ ಅದೇ ಗ್ಲಾಸು. ನಮ್ಮನೆಯವರು ಕತ್ತಲಲ್ಲೇ ನಕ್ಕದ್ದು ಕೇಳಿಸಿತು. ನೋಟ್‌ಬುಕ್ಕಿನಲ್ಲಿ ಎರಡು ಚಮಚ ಅಂತ ಇದ್ದದ್ದನ್ನು ಹೊಡೆದು ಹಾಕಲು ಇನ್ನೂ ಕೈ ಬಂದಿಲ್ಲ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಅಂತ ಬರೆದಿಟ್ಟಿದ್ದೇನೆ.